ಸಣ್ಣ ಗಾಲಿ, ದೊಡ್ಡ ಗುಂಡಿ

ಮಡಚುವ ಸೈಕಲ್ ಕೊಳ್ಳುವ ಮೊದಲು ಏನೇನು ಅಳೆಯಬೇಕು?



ನಿಮ್ಮ ಊರಿನಲ್ಲಿ ಚಕ್ಕಡಿ ನೋಡಿದ್ದೀರಲ್ಲವೇ? ಅದರ ಪಕ್ಕದಲ್ಲಿ ನಿಂತುಕೊಳ್ಳಿ. ಗಾಲಿಯ ಮೇಲಂಚು ನಿಮ್ಮಲ್ಲಿ ಹಲವರ ಭುಜದವರೆಗೆ ಬರುತ್ತದೆ. ಈಗ ಕಬ್ಬು ಸಾಗಿಸುವ ಟೈರಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಗಾಲಿ ಅಷ್ಟು ಎತ್ತರವಿಲ್ಲ. ಎರಡೂ ಹೋಗುವುದು ಒಂದೇ ಹೊಲದ ದಾರಿಯಲ್ಲಿ, ಅದೇ ಗುಂಡಿಗಳ ಮೇಲೆ. ಆದರೂ ಒಂದರ ಗಾಲಿ ದೊಡ್ಡದು, ಕಿರಿದು, ಮರದ್ದು, ಸುತ್ತ ಕಬ್ಬಿಣದ ಪಟ್ಟಿ. ಇನ್ನೊಂದರ ಗಾಲಿ ಸಣ್ಣದು, ಅಗಲ, ಒಳಗೆ ಗಾಳಿ. ಹೀಗೇಕೆ?

ಈ ಪ್ರಶ್ನೆಯನ್ನು ಅಂಗಡಿಯಲ್ಲಿ ನಿಂತಾಗ ನಾನು ಕೇಳಿಕೊಂಡಿದ್ದರೆ ಮೂರು ವರ್ಷದ ಹಿಂದೆ ಕಾಲುವೆಯ ದಂಡೆಯ ಮೇಲೆ ಬೀಳುತ್ತಿರಲಿಲ್ಲ.

ನಾನು ವಿಜ್ಞಾನದ ಸಂಪನ್ಮೂಲ ಶಿಕ್ಷಕ. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ತಿರುಗುವುದೇ ನನ್ನ ಕೆಲಸ. ಗೋಕಾಕ, ಮೂಡಲಗಿ ಭಾಗದಲ್ಲಿ ನಾಗನೂರಿನಂಥ ಊರುಗಳ ತನಕ ಬಸ್ಸು ಸಿಗುತ್ತದೆ. ಆದರೆ ತೋಟದ ಶಾಲೆಗಳಿಗೆ ಬಸ್ಸಿಲ್ಲ. ಅಲ್ಲಿಂದ ಮುಂದೆ ಮೂರು ನಾಲ್ಕು ಕಿಲೋಮೀಟರ್ ನಡೆಯಬೇಕು. ಅದಕ್ಕಾಗಿ ಬಸ್ಸಿನಲ್ಲಿ ಜೊತೆಗೆ ಒಯ್ಯಬಹುದಾದ ಮಡಚುವ ಸೈಕಲ್ ಒಂದನ್ನು ಕೊಂಡೆ. ಗಾಲಿ 16 ಇಂಚು. ಟೈರು ಎರಡು ಬೆರಳಿನಷ್ಟೇ ಅಗಲ. ಅಂಗಡಿಯ ನುಣುಪಾದ ನೆಲದ ಮೇಲೆ ಅದು ನೀರಿನಂತೆ ಓಡಿತು. ಕಾಲುವೆಯ ದಂಡೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಕೊರೆದ ಗುಂಡಿಯಲ್ಲಿ ಮುಂದಿನ ಗಾಲಿ ಕುಳಿತುಬಿಟ್ಟಿತು. ಸೈಕಲ್ ನಿಂತಿತು, ನಾನು ಮುಂದೆ ಹೋದೆ! ಎಡಗೈ ಮಣಿಕಟ್ಟಿಗೆ ಮೂರು ವಾರ ಪಟ್ಟಿ. ಎಂ.ಎಸ್ಸಿ. ಓದುವಾಗ ಉರುಳುವ ಗಾಲಿಯ ಲೆಕ್ಕಗಳನ್ನು ಪುಟಗಟ್ಟಲೆ ಮಾಡಿದ್ದೆ. ಕೊಳ್ಳುವಾಗ ಒಂದನ್ನೂ ಮಾಡಲಿಲ್ಲ.

ಪಟ್ಟಿ ಕಟ್ಟಿದ ಕೈಯಲ್ಲೇ ಒಂದು ತೋಟದ ಶಾಲೆಗೆ ಹೋದಾಗ ಏಳನೆಯ ತರಗತಿಯ ಒಬ್ಬ ಹುಡುಗಿ ಹತ್ತಿರ ಬಂದು ಕೇಳಿದಳು:

"ಸರ, ನಮ್ಮ ಮಾಮಾ ಪುಣೆದಾಗ ಇರ್ತಾನ್ರಿ. ಹೈಸ್ಕೂಲಿಗೆ ಹೋಗಾಕ ನನಗ ಮಡಚೂ ಸೈಕಲ್ ಕೊಡಸ್ತೀನಿ ಅಂದಾನ್ರಿ. ನೀವು ಬಿದ್ದಂಥಾದ್ದು ಬ್ಯಾಡ. ಯಾವ್ದು ತಗೋಬೇಕ್ರಿ?"

ಅವಳ ಮನೆ ತೋಟದಲ್ಲಿ. ಹೈಸ್ಕೂಲು 4 ಕಿಲೋಮೀಟರ್ ದೂರ. ಮಳೆ ಬಂದ ದಿನ ದಾರಿ ಕೆಸರಾಗುತ್ತದೆ. ಆಗ ಸೈಕಲನ್ನು ಮಡಚಿ ಟಂಟಂನಲ್ಲಿ ಹಾಕಿಕೊಂಡು ಸುತ್ತುದಾರಿಯಿಂದ ಬರಬಹುದು ಎಂಬುದು ಮಾಮಾನ ವಿಚಾರ. ಅವಳ ಅಕ್ಕ ಏಳನೆಯ ತರಗತಿ ಮುಗಿಸಿ ಮನೆಯಲ್ಲೇ ಉಳಿದಿದ್ದಳು. ದಾರಿ ದೂರ ಎಂಬುದೇ ಕಾರಣವಾಗಿತ್ತು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಆರಂಭಿಸಿದ್ದು ಇಂಥ ದೂರವನ್ನು ಕಡಿಮೆ ಮಾಡಲೆಂದೇ. ಆದರೆ ಈ ಮನೆಯಲ್ಲಿ ಅಂಥ ಸೈಕಲ್ ಇರಲಿಲ್ಲ. ಈಗ ಬರುವ ಸೈಕಲ್ ಎರಡು ದಿನಕ್ಕೊಮ್ಮೆ ಅವಳನ್ನು ಬೀಳಿಸಿದರೆ ಅಕ್ಕನಿಗೆ ಆದದ್ದೇ ತಂಗಿಗೂ ಆಗಬಹುದು.

"ತಂಗಿ, ಸೈಕಲ್ ಆಮ್ಯಾಲ ನೋಡೂಣು. ಮೊದಲ ನಿನ್ನ ದಾರಿ ಅಳಿಯೂಣು" ಎಂದೆ. ಇಡೀ ತರಗತಿ ಸೇರಿ ಆ ಕೆಲಸ ಮಾಡಿತು. ನೀವೂ ಮಾಡಬಹುದು. ಸೈಕಲ್ ಇಲ್ಲದಿದ್ದರೂ ನಡೆಯುತ್ತದೆ.

ನೆಲದ ಮೇಲೆ ಗಾಲಿ ಬರೆಯೋಣ

ಬೇಕಾಗುವ ಸಾಮಗ್ರಿಗಳು: ದಾರ, ಚಾಕ್‌ಪೀಸ್, ಅಳತೆಪಟ್ಟಿ.

ವಿಧಾನ: ಶಾಲೆಯ ವರಾಂಡದ ನೆಲದ ಮೇಲೆ ಮೂರು ವೃತ್ತಗಳನ್ನು ಎಳೆಯಿರಿ. ಮೊದಲನೆಯದರ ತ್ರಿಜ್ಯ 35 ಸೆಂ.ಮೀ. ಇದು ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊರುವ ದೊಡ್ಡ ಸೈಕಲ್ಲಿನ ಗಾಲಿ. ಎರಡನೆಯದು 25 ಸೆಂ.ಮೀ. ಇದು ಅಗಲ ಟೈರು ಹಾಕಿದ 20 ಇಂಚಿನ ಗಾಲಿ. ಮೂರನೆಯದು 20 ಸೆಂ.ಮೀ. ಇದು 16 ಇಂಚಿನ ಗಾಲಿ. ಪ್ರತಿ ವೃತ್ತದ ಕೆಳಭಾಗದಲ್ಲಿ 20 ಸೆಂ.ಮೀ. ಉದ್ದದ ಒಂದು ಜ್ಯಾ ಎಳೆಯಿರಿ. ಈ ಜ್ಯಾ ಎಂದರೆ 20 ಸೆಂ.ಮೀ. ಅಗಲದ ಗುಂಡಿಯ ಬಾಯಿ. ಜ್ಯಾದ ನಡುವಿನಿಂದ ಕೆಳಗಿನ ಕಂಸದವರೆಗೆ ಅಳೆಯಿರಿ. ಗಾಲಿ ಗುಂಡಿಯೊಳಗೆ ಇಳಿಯುವ ಆಳ ಅದೇ.

ಅಳತೆ ಹೀಗೆ ಬರಬೇಕು: ದೊಡ್ಡ ಗಾಲಿ ಸುಮಾರು 1.5 ಸೆಂ.ಮೀ., 20 ಇಂಚಿನ ಗಾಲಿ 2.1 ಸೆಂ.ಮೀ., 16 ಇಂಚಿನ ಗಾಲಿ 2.7 ಸೆಂ.ಮೀ. ಗುಂಡಿ ಒಂದೇ. ಆದರೆ ಸಣ್ಣ ಗಾಲಿಗೆ ಅದು ಹೆಚ್ಚು ಆಳ. ದೊಡ್ಡ ಗಾಲಿ ಗುಂಡಿಯ ಬಾಯಿಯ ಮೇಲೆ ಸೇತುವೆಯಂತೆ ಹಾಯುತ್ತದೆ, ಸಣ್ಣ ಗಾಲಿ ಒಳಗಿಳಿದು ಹತ್ತಬೇಕಾಗುತ್ತದೆ. ಚಕ್ಕಡಿಯ ಗಾಲಿಯನ್ನು ನಮ್ಮ ಹಿರಿಯರು ಅಷ್ಟು ದೊಡ್ಡದಾಗಿ ಮಾಡಿದ್ದು ಇದಕ್ಕೇ.

ಕಲ್ಲು ಹತ್ತುವ ಲೆಕ್ಕ

ಗುಂಡಿಯಂತೆ ಕಲ್ಲು. ದಾರಿಯಲ್ಲಿ 5 ಸೆಂ.ಮೀ. ಎತ್ತರದ ಕಲ್ಲಿಗೆ ಗಾಲಿ ತಾಗಿ ನಿಂತಿದೆ ಎಂದುಕೊಳ್ಳಿ. ಆ ಗಾಲಿಯ ಮೇಲೆ 40 ಕಿ.ಗ್ರಾಂ ಭಾರವಿದೆ. ಗಾಲಿಯ ಅಚ್ಚನ್ನು ನೇರವಾಗಿ ಮುಂದಕ್ಕೆ ತಳ್ಳಿ ಕಲ್ಲು ಹತ್ತಿಸಲು ಎಷ್ಟು ಬಲ ಬೇಕು? ಟೈರು ಗಟ್ಟಿಯಾಗಿದೆ ಎಂದುಕೊಂಡು ಲೆಕ್ಕ ಹಾಕಿದರೆ, ದೊಡ್ಡ ಗಾಲಿಗೆ ಸುಮಾರು 24 ಕಿ.ಗ್ರಾಂ ತೂಕದಷ್ಟು ಬಲ ಸಾಕು. 20 ಇಂಚಿನ ಗಾಲಿಗೆ 30, 16 ಇಂಚಿನ ಗಾಲಿಗೆ 35. ಗಾಲಿ ಸಣ್ಣದಾದಂತೆ ಕಲ್ಲು ಅದಕ್ಕೆ ಗೋಡೆಯಂತೆ ಕಾಣುತ್ತದೆ.

ಒಂದು ಸ್ಟೀಲ್ ತಟ್ಟೆಯನ್ನೂ ಒಂದು ಬಾಟಲಿಯ ಮುಚ್ಚಳವನ್ನೂ ಪೆನ್ಸಿಲ್ ಮೇಲೆ ಉರುಳಿಸಿ ನೋಡಿ. ಯಾವುದು ದಾಟಿತು? ಯಾವುದು ತಡೆದು ನಿಂತಿತು?

ಇಷ್ಟು ಓದಿದ ಮೇಲೆ ನೀವು ಕೇಳಬಹುದು: "ಹಾಗಾದರೆ ಸಣ್ಣ ಗಾಲಿಯ ಸೈಕಲ್ ಬೇಡವೇ ಬೇಡವಲ್ಲ ಸರ್?" ಅವಸರ ಬೇಡ. ಟೈರಿನ ಗಾಡಿಯ ಕಡೆ ಇನ್ನೂ ನೋಡಿಲ್ಲ.

ಗಾಳಿಯ ದಿಂಬು

1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಸೈಕಲ್ ಓಡಾಡುತ್ತಿತ್ತು. ಮುಂದಿನ ಗಾಲಿ ಆಳೆತ್ತರಕ್ಕೆ ಹತ್ತಿರ, ಹಿಂದಿನದು ಪುಟ್ಟದು. ಆಗ ಟೈರಿನಲ್ಲಿ ಗಾಳಿ ಇರಲಿಲ್ಲ, ಗಟ್ಟಿ ರಬ್ಬರು. ಪೆಡಲನ್ನು ಮುಂದಿನ ಗಾಲಿಗೇ ಜೋಡಿಸುತ್ತಿದ್ದರು, ಚೈನು ಇರಲಿಲ್ಲ. ಆದ್ದರಿಂದ ಕುಲುಕಾಟ ತಪ್ಪಿಸಲೂ ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಲೂ ಗಾಲಿಯನ್ನು ದೊಡ್ಡದು ಮಾಡುವುದೊಂದೇ ದಾರಿಯಾಗಿತ್ತು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಾಳಿಯ ಟೈರು ಕುಲುಕಾಟವನ್ನು ನುಂಗಿತು, ಚೈನು ದೂರವನ್ನು ಕೊಟ್ಟಿತು. ಆಳೆತ್ತರದ ಗಾಲಿ ಮಾಯವಾಯಿತು.

1962ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೇವಲ 16 ಇಂಚಿನ ಗಾಲಿಯ ಸೈಕಲ್ ಮಾಡಿ, ಹಿಂದೆ ಮುಂದೆ ಎರಡೂ ಕಡೆ ರಬ್ಬರಿನ ಸಸ್ಪೆನ್ಷನ್ ಕೊಟ್ಟ. ಗಾಲಿ ಸಣ್ಣದಾದರೂ ಸವಾರಿ ಹಿತವಾಗಿರಲು ಸಾಧ್ಯ ಎಂದು ಅದು ತೋರಿಸಿತು. ಲಂಡನ್ನಿನ ಆಂಡ್ರ್ಯೂ ರಿಚಿ 1970ರ ದಶಕದಲ್ಲಿ ರೂಪಿಸಿದ ಬ್ರಾಂಪ್ಟನ್ ಮಡಚುವ ಸೈಕಲ್ಲಿನಲ್ಲೂ ಹಿಂದಿನ ಗಾಲಿಯ ಚೌಕಟ್ಟಿಗೂ ಉಳಿದ ಸೈಕಲ್ಲಿಗೂ ನಡುವೆ ಒಂದು ರಬ್ಬರಿನ ಗಟ್ಟಿ ಇದೆ.

ಇದರಿಂದ ನಮಗೆ ತಿಳಿಯುವುದೇನು? ಗಾಲಿ ಸಣ್ಣದಾದಾಗ ಕಳೆದುಕೊಂಡದ್ದನ್ನು ಗಾಳಿಯಿಂದಲೋ ರಬ್ಬರಿನಿಂದಲೋ ಸ್ಪ್ರಿಂಗಿನಿಂದಲೋ ಮರಳಿ ಪಡೆಯಬೇಕು. ಇವುಗಳಲ್ಲಿ ಸುಲಭವಾದದ್ದು, ಅಗ್ಗವಾದದ್ದು ಗಾಳಿ. ನನ್ನ ಸೈಕಲ್ಲಿನಲ್ಲಿ ಗಾಲಿಯೂ ಸಣ್ಣದು, ಟೈರೂ ಕಿರಿದು, ಅದರ ಮೇಲೆ ನಾನು ಗಾಳಿಯನ್ನು ಕಲ್ಲಿನಂತೆ ತುಂಬಿಸಿದ್ದೆ. ಕಳೆದುಕೊಂಡದ್ದೇ ಎಲ್ಲ, ಪಡೆದದ್ದು ಏನೂ ಇಲ್ಲ.

ಟೈರಿನ ಪಕ್ಕದಲ್ಲಿ 47-406 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. 47 + 406 + 47 = 500 ಮಿ.ಮೀ., ಅಂದರೆ ನೀವು ನೆಲದ ಮೇಲೆ ಬರೆದ 25 ಸೆಂ.ಮೀ. ತ್ರಿಜ್ಯದ ವೃತ್ತ! ಮಣ್ಣಿನ ದಾರಿಗೆ ಮೊದಲ ಸಂಖ್ಯೆ 47ರ ಆಸುಪಾಸು ಅಥವಾ ಹೆಚ್ಚು ಇರಲಿ. ಎರಡನೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 16 ಇಂಚು ಎಂದು ಹೇಳುವ ಟೈರುಗಳಲ್ಲಿ 305 ಇದೆ, 349 ಇದೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 406ರ ಟೈರನ್ನು ಮಕ್ಕಳ 20 ಇಂಚಿನ ಸೈಕಲ್ಲಿಗೂ ಬಳಸುವುದರಿಂದ ಊರಿನ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಗಾಳಿ ಎಷ್ಟಿರಬೇಕು? ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದು ಟೈರಿನ ಮೇಲೆಯೇ ಇರುತ್ತದೆ. ಸವಾರ ಹಗುರಾಗಿದ್ದರೆ ಕನಿಷ್ಠದ ಹತ್ತಿರ ಇರಲಿ. ಅದಕ್ಕಿಂತಲೂ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರ್ ಆಗುತ್ತದೆ.

ಒಂದು ತುಳಿತಕ್ಕೆ ಎಷ್ಟು ದೂರ?

ಈಗ ಇನ್ನೊಂದು ಲೆಕ್ಕ. ದೊಡ್ಡ ಸೈಕಲ್ಲಿನ ಗಾಲಿಯ ವ್ಯಾಸ 70 ಸೆಂ.ಮೀ. ಪರಿಧಿ = 22/7 × 70 = 220 ಸೆಂ.ಮೀ. ಪೆಡಲಿನ ಹತ್ತಿರದ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿ 44 ÷ 18 = 2.44 ಸುತ್ತು ತಿರುಗುತ್ತದೆ. ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ.

ಅದೇ ಹಲ್ಲುಗಳನ್ನು 16 ಇಂಚಿನ ಗಾಲಿಗೆ ಹಾಕಿದರೆ? ವ್ಯಾಸ 40 ಸೆಂ.ಮೀ., ಪರಿಧಿ ಸುಮಾರು 126 ಸೆಂ.ಮೀ. ಒಂದು ತುಳಿತಕ್ಕೆ ಕೇವಲ 3.1 ಮೀಟರ್. ನಮ್ಮ ಹುಡುಗಿಯ ಹೈಸ್ಕೂಲು 4 ಕಿಲೋಮೀಟರ್. ದೊಡ್ಡ ಸೈಕಲ್ಲಿನಲ್ಲಿ ಸುಮಾರು 740 ಸುತ್ತು ತುಳಿದರೆ ಮುಟ್ಟುತ್ತಾಳೆ. ಈ ಸಣ್ಣ ಸೈಕಲ್ಲಿನಲ್ಲಿ 1300 ಸುತ್ತು ಬೇಕು. ಮರಳಿ ಬರುವಾಗ ಮತ್ತೆ 1300! "ಸಣ್ಣ ಗಾಲಿ ಸೈಕಲ್ ತುಳಿದು ತುಳಿದು ಸಾಕಾಗುತ್ತದೆ" ಎಂದು ಜನ ಹೇಳುವುದು ಇದನ್ನೇ.

ಆದರೆ ಇದು ಗಾಲಿಯ ತಪ್ಪಲ್ಲ, ಹಲ್ಲಿನ ತಪ್ಪು. 20 ಇಂಚಿನ ಗಾಲಿಗೆ ಮುಂದೆ 48, ಹಿಂದೆ 14 ಹಲ್ಲು ಹಾಕಿ ಲೆಕ್ಕ ಮಾಡಿ. 48 ÷ 14 = 3.43. ಪರಿಧಿ 157 ಸೆಂ.ಮೀ. ಗುಣಿಸಿದರೆ ಮತ್ತೆ ಸುಮಾರು 5.4 ಮೀಟರ್! ದೊಡ್ಡ ಸೈಕಲ್ಲಿಗೆ ಸರಿಸಮ. ಆದರೆ ಒಂದು ಮಾತು. ಒಂದು ತುಳಿತಕ್ಕೆ ಹೆಚ್ಚು ದೂರ ಎಂದರೆ ಹೆಚ್ಚು ಬಲ. ಎದುರುಗಾಳಿ ಇದ್ದಾಗ, ಏರು ಬಂದಾಗ ಕಾಲು ಸೋಲುತ್ತದೆ. ಹಿಂದೆ ನಾಲ್ಕಾರು ಗೇರುಗಳಿದ್ದರೆ ಏರಿಗೆ ದೊಡ್ಡ ಹಲ್ಲಿನ ಚಕ್ರ, ಸಮದಾರಿಗೆ ಸಣ್ಣ ಹಲ್ಲಿನ ಚಕ್ರ ಬಳಸಬಹುದು. ಆದ್ದರಿಂದ ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಹಲ್ಲು ಎಣಿಸಿ.

ಮೈಗೆ ಹೊಂದಬೇಕು

ಮಡಚುವ ಸೈಕಲ್ಲಿನ ಒಂದು ಒಳ್ಳೆಯ ಗುಣವೆಂದರೆ ಸೀಟಿನ ಉದ್ದನೆಯ ಕೊಳವೆ. ಎತ್ತರ ಇಳಿಸಬಹುದು, ಏರಿಸಬಹುದು. ಮಗಳು ಶಾಲೆಗೆ ಒಯ್ದ ಸೈಕಲನ್ನು ರವಿವಾರ ತಾಯಿ ಸಂತೆಗೆ ಒಯ್ಯಬಹುದು. ಮಗಳು ಬೆಳೆದಂತೆ ಸೀಟೂ ಏರುತ್ತದೆ.

ಸೀಟು ಸರಿಯಾಗಿದೆಯೇ ಎಂದು ತಿಳಿಯಲು ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಮೊಣಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ, ಅದು ಸರಿ. ಸೀಟು ಬಹಳ ತಗ್ಗಾಗಿದ್ದರೆ ಮೊಣಕಾಲು ನೋಯುತ್ತದೆ. ಹೊಸದಾಗಿ ಕಲಿಯುವವರು ಮಾತ್ರ ಎರಡೂ ಪಾದ ನೆಲಕ್ಕೆ ತಾಗುವಷ್ಟು ತಗ್ಗಾಗಿ ಇಟ್ಟುಕೊಂಡು, ಧೈರ್ಯ ಬಂದಂತೆ ಏರಿಸಲಿ. ಸೀಟಿನ ಕೊಳವೆಯ ಮೇಲೆ ಒಂದು ಅಡ್ಡ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎಂದೂ ಏರಿಸಬಾರದು. ಏರಿಸಿದರೆ ಕೊಳವೆ ಬಾಗಬಹುದು, ಮುರಿಯಲೂಬಹುದು.

ಸಣ್ಣ ಗಾಲಿಯ ಸೈಕಲ್ಲಿನ ಹ್ಯಾಂಡಲ್ ಸಾಮಾನ್ಯವಾಗಿ ಬಹಳ ಚುರುಕು. ತುಸು ತಿರುಗಿಸಿದರೂ ಗಾಲಿ ಸರ್ರನೆ ತಿರುಗುತ್ತದೆ. ಒಂದು ಕೈ ಬಿಟ್ಟು ಹೊಡೆಯುವುದು, ಹ್ಯಾಂಡಲ್ಲಿಗೆ ಪಾಟೀಚೀಲ ತೂಗುಹಾಕುವುದು ಬೇಡ. ಚೀಲ ಹಿಂದಿನ ಕ್ಯಾರಿಯರ್ ಮೇಲಿರಲಿ.

ಮಡಚುವ ಕೀಲು

ದೊಡ್ಡ ಸೈಕಲ್ಲಿನಲ್ಲಿ ಇಲ್ಲದ ಒಂದು ಭಾಗ ಇದರಲ್ಲಿದೆ. ಅದೇ ಕೀಲು. ಸೈಕಲ್ಲಿನ ನಡುವೆ ಒಂದು, ಹ್ಯಾಂಡಲ್ಲಿನ ಬುಡದಲ್ಲಿ ಒಂದು ಇರುವುದೇ ಹೆಚ್ಚು. ಅದಕ್ಕೆ ಚಿಲಕವಿರುತ್ತದೆ. ಚಿಲಕ ಹಾಕಿದ ಮೇಲೆ ತಾನಾಗಿ ಬಿಚ್ಚದಂತೆ ಇನ್ನೊಂದು ತಡೆ ಇರಲೇಬೇಕು. ಕೊಳ್ಳುವಾಗ ಚಿಲಕ ಹಾಕಿ, ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಾಡಿಸಿ. ಕೀಲಿನ ಹತ್ತಿರ ಕಟಕಟ ಸದ್ದು ಬಂದರೆ ಅದು ಬೇಡ. ಹಳೆಯ ಸೈಕಲ್ಲಾದರೆ ಕೀಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಹತ್ತುವ ಮೊದಲು ಪ್ರತಿದಿನ ಚಿಲಕ ಮುಟ್ಟಿ ನೋಡುವುದು ಅಭ್ಯಾಸವಾಗಲಿ.

ತೂಕವನ್ನೂ ಮರೆಯಬೇಡಿ. ಕಬ್ಬಿಣದ ಮಡಚುವ ಸೈಕಲ್ 12ರಿಂದ 15 ಕಿ.ಗ್ರಾಂ ಇರುವುದು ಸಾಮಾನ್ಯ. ನಿಮ್ಮ ತೂಕ 35 ಕಿ.ಗ್ರಾಂ ಆಗಿದ್ದರೆ ಅದು ನಿಮ್ಮ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು! ಟಂಟಂಗೆ ಎತ್ತಿ ಹಾಕಬೇಕಾದವರು ನೀವು. ಆದ್ದರಿಂದ ಅಂಗಡಿಯಲ್ಲಿ ನೀವೇ ಎತ್ತಿ ನೋಡಬೇಕು, ದೊಡ್ಡವರಲ್ಲ.

ಆ ಹುಡುಗಿಯ ಪಟ್ಟಿ

ತರಗತಿಯ ಮಕ್ಕಳು ಅವಳ ದಾರಿಯನ್ನು ಎರಡು ಶನಿವಾರ ಅಳೆದರು. ಹೆಜ್ಜೆ ಎಣಿಸಿ, ಗುಂಡಿಗಳ ಅಗಲವನ್ನು ಅಳತೆಪಟ್ಟಿಯಿಂದ ಬರೆದುಕೊಂಡರು. ಅರ್ಧಕ್ಕಿಂತ ಹೆಚ್ಚು ದಾರಿ ಡಾಂಬರು. ಉಳಿದದ್ದು ಮಣ್ಣು, ಅಲ್ಲಿ ಒಂದು ಗೇಣಿನ ಅಗಲದ ಗುಂಡಿಗಳೇ ಹೆಚ್ಚು. 16 ಇಂಚಿನ ಗಾಲಿ ಈ ದಾರಿಗೆ ಅಲ್ಲ ಎಂದು ಮಕ್ಕಳೇ ತೀರ್ಮಾನಿಸಿದರು. ಆಮೇಲೆ ಅವಳು ಮಾಮಾನಿಗೆ ಫೋನಿನಲ್ಲಿ ಐದು ಮಾತು ಓದಿ ಹೇಳಿದಳು:

1. ಗಾಲಿ 20 ಇಂಚು ಇರಲಿ. ಟೈರಿನ ಮೇಲೆ 406 ಇದೆಯೇ ನೋಡು.
2. ಟೈರಿನ ಅಗಲ 47 ಮಿ.ಮೀ.ಗಿಂತ ಕಡಿಮೆ ಬೇಡ.
3. ಮುಂದಿನ ಹಲ್ಲನ್ನು ಹಿಂದಿನ ಅತಿ ಸಣ್ಣ ಚಕ್ರದ ಹಲ್ಲಿನಿಂದ ಭಾಗಿಸು. ಮೂರಕ್ಕಿಂತ ಹೆಚ್ಚು ಬರಲಿ. ಗೇರು ಇರಲಿ.
4. ಚಿಲಕಕ್ಕೆ ಎರಡನೆಯ ತಡೆ ಇರಲಿ, ಅಲುಗಾಡಿಸಿದರೆ ಸದ್ದು ಬರಬಾರದು.
5. ತೂಕ ಕೇಳು. ನಾನು ಎತ್ತಬೇಕು.

ಮಾಮಾ ಆಗಲೇ ಒಂದು 16 ಇಂಚಿನ ಸೈಕಲ್ ನೋಡಿಟ್ಟಿದ್ದನಂತೆ. ಮಡಚಿದರೆ ಅಂಗೈಯಷ್ಟಾಗುತ್ತದೆ, ಬಹಳ ಚೆಂದ ಎಂದನಂತೆ. "ಮಡಚಿಟ್ಟಾಗ ಅಲ್ಲ ಮಾಮಾ, ಹೊಡಿಯೂವಾಗ ಚೆಂದ ಇರಬೇಕು" ಎಂದು ಇವಳು ಹೇಳಿದಳಂತೆ. ದೀಪಾವಳಿ ರಜೆಯಲ್ಲಿ 20 ಇಂಚಿನ ಸೈಕಲ್ ಬಂತು. ಜೂನ್ ಬರುವಷ್ಟರಲ್ಲಿ ಅವಳಿಗೆ ಕಾಲುವೆಯ ದಂಡೆಯ ಎಲ್ಲ ಗುಂಡಿಗಳ ಪರಿಚಯವಾಗಿತ್ತು. ಎಂಟನೆಯ ತರಗತಿಗೆ ಹೆಸರು ಹಚ್ಚಿದಳು, ಹೋಗುತ್ತಲೂ ಇದ್ದಳು. ರವಿವಾರ ಅವಳ ಅಕ್ಕ ಸೀಟು ಏರಿಸಿಕೊಂಡು ಹೊಡೆಯುವುದನ್ನು ನಾನೇ ನೋಡಿದ್ದೇನೆ.

ಒಂದು ಮಾತು ಸ್ಪಷ್ಟವಾಗಿರಲಿ. ನಿಮಗೆ ಬಸ್ಸಿನಲ್ಲಿ, ಟಂಟಂನಲ್ಲಿ ಸೈಕಲ್ ಒಯ್ಯುವ ಅಗತ್ಯವೇ ಇಲ್ಲದಿದ್ದರೆ ಮಡಚುವ ಸೈಕಲ್ ಕೊಳ್ಳಬೇಡಿ. ಕೆಟ್ಟ ದಾರಿಗೆ ದೊಡ್ಡ ಗಾಲಿಯೇ ಒಳ್ಳೆಯದು. ಮನೆಯಲ್ಲಿ ಅಕ್ಕನಿಗೋ ಅಣ್ಣನಿಗೋ ಸರ್ಕಾರ ಕೊಟ್ಟ ಹಳೆಯ ಸೈಕಲ್ ಗೋಡೆಗೆ ಒರಗಿ ನಿಂತಿದ್ದರೆ, ಮೊದಲು ಅದರ ಟ್ಯೂಬು, ಬ್ರೇಕು ಸರಿಮಾಡಿಸಿ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ನೂರು ಹೆಜ್ಜೆಗೆ ಎಷ್ಟು ಗುಂಡಿಗಳಿವೆ? ಅತಿ ಅಗಲವಾದದ್ದು ಎಷ್ಟು?
2. ಆ ಅಗಲದ ಜ್ಯಾವನ್ನು ಮೂರೂ ವೃತ್ತಗಳಲ್ಲಿ ಎಳೆದು ಆಳ ಅಳೆಯಿರಿ.
3. ಊರಿನಲ್ಲಿರುವ ಐದು ಸೈಕಲ್ಲುಗಳ ಹಲ್ಲು ಎಣಿಸಿ, ಒಂದು ತುಳಿತಕ್ಕೆ ಎಷ್ಟು ದೂರ ಎಂದು ಲೆಕ್ಕ ಹಾಕಿ. ಅನಂತರ ನೆಲದ ಮೇಲೆ ಗೆರೆ ಎಳೆದು, ಪೆಡಲನ್ನು ಒಂದು ಸುತ್ತು ತಿರುಗಿಸಿ ಅಳೆಯಿರಿ. ಲೆಕ್ಕವೂ ಅಳತೆಯೂ ಹೊಂದಿದವೇ?

ಶಿಕ್ಷಕ ಮಿತ್ರರಿಗೆ: ವೃತ್ತ, ಜ್ಯಾ, ಪರಿಧಿ, ಅನುಪಾತ ಈ ನಾಲ್ಕೂ ಪಾಠಗಳು ಈ ಒಂದೇ ಚಟುವಟಿಕೆಯಲ್ಲಿ ಬರುತ್ತವೆ. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಹಲ್ಲು ಎಣಿಸುವಾಗ ಚೈನಿನೊಳಗೆ ಬೆರಳು ಹೋಗದಂತೆ ನೋಡಿಕೊಳ್ಳಿ. ದಾರಿ ಅಳೆಯಲು ಹೋಗುವಾಗ, ಅದರಲ್ಲೂ ಕಬ್ಬು ಸಾಗಿಸುವ ದಿನಗಳಲ್ಲಿ, ಮಕ್ಕಳ ಜೊತೆ ನೀವೂ ಇರಿ.